ಸಂಬಳಕ್ಕೆ ಸೋಲುತ್ತಿದ್ದವಳು

ಯುದ್ಧ ಗೆದ್ದವರ ಕಥೆ ಹೇಳುವುದಕ್ಕೆ ಬೇಕಾದಷ್ಟು ಜನ ಇದ್ದಾರೆ. ಸೋತವರ ಕಥೆಯನ್ನೂ ಆಗೊಬ್ಬರು ಈಗೊಬ್ಬರು ಹೇಳುತ್ತಾರೆ. ಆದರೆ ವರ್ಷಕ್ಕೊಮ್ಮೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದು, ಊಟದ ಹೊತ್ತಿಗೆ ಸರಿಯಾಗಿ ಸೋತು, ಕೈ ಕುಲುಕಿ, ಉಂಡು ಮನೆಗೆ ಹೋಗುತ್ತಿದ್ದ ಹೆಂಗಸಿನ ಕಥೆಯನ್ನು ಯಾರೂ ಹೇಳಿದ ಹಾಗಿಲ್ಲ. ಅದನ್ನು ನಾನು ಹೇಳುತ್ತೇನೆ.

ಅವಳು ವಿಶ್ವವಿದ್ಯಾಲಯದ ರಕ್ಷಣಾ ಅಧ್ಯಯನ ಕೇಂದ್ರದಲ್ಲಿ ಪ್ರಾಧ್ಯಾಪಕಿ. ಕೇಂದ್ರ ಎಂದ ಕೂಡಲೇ ಏನೋ ಎಂತೋ ಅಂದುಕೊಳ್ಳಬೇಡಿ. ಮೂರನೇ ಮಹಡಿಯ ಮೂಲೆಯಲ್ಲಿ ನಾಲ್ಕು ಕೋಣೆ, ರಟ್ಟಿನ ತುಂಡು ಸಿಕ್ಕಿಸದಿದ್ದರೆ ಬಾಗಿಲು ನಿಲ್ಲದ ಕಪಾಟು, ಕಿಟಕಿಯಾಚೆ ಸೈಕಲ್ ನಿಲ್ಲಿಸುವ ಜಾಗ. ಅಲ್ಲಿ ಕೂತು ಅವಳು ಸೈನ್ಯಕ್ಕೆ ಊಟ, ಎಣ್ಣೆ, ಬೂಟು ಹೇಗೆ ತಲುಪುತ್ತವೆ, ತಲುಪದೆ ಹೋದರೆ ಏನಾಗುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದಳು. ತೋಪು, ವಿಮಾನ, ಕ್ಷಿಪಣಿಗಳ ಮೇಲೆ ಬರೆಯುವವರಿಗೆ ಟೀವಿಯವರು ಫೋನ್ ಮಾಡುತ್ತಾರೆ. ಬೂಟಿನ ಮೇಲೆ ಬರೆಯುವವಳಿಗೆ ಯಾರು ಮಾಡುತ್ತಾರೆ?

ಈ ವಿಷಯ ಅವಳಿಗೆ ಅಂಟಿದ್ದು ಅಪ್ಪನಿಂದ. ಅಪ್ಪ ನಕ್ಷೆ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದರು. ಬಣ್ಣ ಕದಡಿ ಕೆಟ್ಟುಹೋದ ಹಾಳೆಗಳನ್ನು ಮನೆಗೆ ತಂದು ಮಗಳ ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದರು. ಉಳಿದ ಮಕ್ಕಳು ಪಾಠ ಬೇಜಾರಾದರೆ ಆಕಳಿಸುತ್ತಿದ್ದರು, ಇವಳು ಪುಸ್ತಕ ಮುಚ್ಚಿ ಹೊದಿಕೆಯ ಮೇಲೆ ಕಂದು ಗೆರೆ ಹಿಡಿದು ಬೆಟ್ಟ ಹತ್ತುತ್ತಿದ್ದಳು. ಗೆರೆ ಒತ್ತೊತ್ತಾಗಿದ್ದರೆ ಕಡಿದಾದ ಬೆಟ್ಟ, ಅಲ್ಲಿ ಗಾಡಿ ಹೋಗುವುದಿಲ್ಲ ಎನ್ನುವುದು ಅವಳಿಗೆ ಮಗ್ಗಿಗಿಂತ ಮೊದಲೇ ಬಾಯಿಗೆ ಬಂದಿತ್ತು.

ಡಾಕ್ಟರೇಟಿಗೆ ಅವಳು ಆರಿಸಿಕೊಂಡದ್ದು ಹಳೆಯ ಕಾಲದ ಸೈನ್ಯಗಳ ಹೇಸರಗತ್ತೆಗಳನ್ನು. ಪ್ರಬಂಧದ ತಿರುಳು ಇಷ್ಟೇ: ಹುಲ್ಲು ಹೊತ್ತುಕೊಂಡು ಬೆಟ್ಟ ಹತ್ತುವ ಹೇಸರಗತ್ತೆ ದಾರಿಯಲ್ಲಿ ಆ ಹುಲ್ಲನ್ನೇ ತಿನ್ನುತ್ತದೆ. ದಾರಿ ಉದ್ದವಾದಷ್ಟೂ ಮೇಲೆ ತಲುಪುವುದು ಕತ್ತೆ ಮಾತ್ರ, ಹುಲ್ಲಲ್ಲ. ಪದವಿ ಬಂದ ದಿನ ನಾದಿನಿ ಮನೆತುಂಬ ಕೇಳುವ ಹಾಗೆ, "ನಮ್ಮ ಅತ್ತಿಗೆ ಡಾಕ್ಟರ್ ಆದ್ರು ಕಣ್ರೋ, ಕತ್ತೆಗೆ ಜ್ವರ ಬಂದ್ರೆ ಇಲ್ಲೇ ಕರ್ಕೊಂಡು ಬನ್ನಿ!" ಎಂದಿದ್ದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅತ್ತಿಗೆಯೇ.

ಇನ್ನು ಸೋಲುವ ಸಂಗತಿ. ರಕ್ಷಣಾ ಕಾಲೇಜಿನಲ್ಲಿ ಪ್ರತಿ ವರ್ಷ ಮೇಜಿನ ಮೇಲೆ ಒಂದು ಯುದ್ಧ ನಡೆಯುತ್ತದೆ. ಉದ್ದನೆಯ ಮೇಜು, ಮೇಲೆ ನಕ್ಷೆ, ನಕ್ಷೆಯ ಮೇಲೆ ಮರದ ಬಿಲ್ಲೆಗಳು. ನೀಲಿ ಬಿಲ್ಲೆ ನಮ್ಮ ಸೈನ್ಯ, ಕೆಂಪು ಬಿಲ್ಲೆ ಶತ್ರು. ಸರ್ಕಾರ ಹೊಸದೊಂದು ಯುದ್ಧನೀತಿ ತರುವ ಮುಂಚೆ ಅದನ್ನು ಈ ಮೇಜಿನ ಮೇಲೆ ಆಡಿ ನೋಡುತ್ತಾರೆ. ನೀಲಿ ಗೆದ್ದರೆ ನೀತಿ ಪಾಸು. ಆದರೆ ಕೆಂಪು ಆಡುವವರು ಯಾರು? ಬಡ್ತಿ ಬೇಕಾದ ಯಾವ ಅಧಿಕಾರಿ ತಾನೇ ಮೇಲಧಿಕಾರಿಯ ಎದುರು ಶತ್ರುವಾಗಿ ಕೂರುತ್ತಾನೆ? ಹಾಗಾಗಿ ವಿಶ್ವವಿದ್ಯಾಲಯಕ್ಕೆ ಹೇಳಿಕಳಿಸಿದರು, ವಿಶ್ವವಿದ್ಯಾಲಯ ಇವಳನ್ನು ಕಳಿಸಿತು, ಅಲ್ಲಿಂದ ಅವಳ ಹೆಸರೇ ಶತ್ರು ಮೇಡಂ ಎಂದಾಯಿತು. ಕಾಲೇಜಿನ ಕ್ಯಾಂಟೀನಿನವನು ಕೂಡ "ಶತ್ರು ಮೇಡಂಗೆ ಸಕ್ಕರೆ ಕಮ್ಮಿ" ಎಂದು ಕೂಗಿ ಟೀ ಕೊಡುತ್ತಿದ್ದ.

ಆಟಕ್ಕೊಂದು ಪದ್ಧತಿ ಇತ್ತು. ಸೋತವರು ಮೊದಲು ಕೈ ಚಾಚಬೇಕು, ಗೆದ್ದವರು ಎದ್ದು ನಿಂತು ಕುಲುಕಬೇಕು, ಆಮೇಲೆಯೇ ಎಲ್ಲರಿಗೂ ಊಟ. ಮನಸ್ತಾಪ ಉಳಿಯಬಾರದು ಎಂದು ನೀಲಿ ಕಡೆ ಆಡುವ ಜನರಲ್ ಸಾಹೇಬರೇ ತಂದ ಪದ್ಧತಿ ಅದು, ಒಳ್ಳೆಯ ಪದ್ಧತಿಯೇ. ಕೆಂಪು ಬಿಲ್ಲೆ ಎರಡು ಸರದಿಯಲ್ಲಿ ದಾಳಿ ಮಾಡುತ್ತಿತ್ತು, ನೀಲಿ ಅದನ್ನು ಪುಡಿ ಮಾಡುತ್ತಿತ್ತು, ಶತ್ರು ಮೇಡಂ ಕೈ ಚಾಚುತ್ತಿದ್ದಳು, ಪಕ್ಕದ ಕೋಣೆಯಲ್ಲಿ ಪಾತ್ರೆಗಳ ಮುಚ್ಚಳ ತೆಗೆಯುತ್ತಿದ್ದರು. ಸಂಜೆ ಮನೆಗೆ ಬಂದರೆ ಕನ್ನಡಕದಂಗಡಿ ಇಟ್ಟಿದ್ದ ಗಂಡ ಮಸೂರ ಒರೆಸುತ್ತಾ ಕೇಳುತ್ತಿದ್ದ.

"ಇವತ್ತೂ ಸೋತ್ಯಾ?"

"ಸೋತೆ."

"ಊಟ ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

"ಮತ್ತಿನ್ನೇನು ಬಿಡು."

ಹೀಗೆ ಸುಖವಾಗಿ ಸೋಲುತ್ತಾ ಇದ್ದವಳಿಗೆ ಆ ವರ್ಷ ಬಂದದ್ದು ಜನರಲ್ ಸ್ವತಃ ಬರೆದ ನೀತಿ. ಕಾಗದದಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು, ಎಲ್ಲರೂ ಕರೆಯುತ್ತಿದ್ದದ್ದು 'ಮೊದಲೇ ಮೇಲೆ' ಎಂದು. ಗಡಿಯಾಚೆ ಒಂದು ಸಣ್ಣ ಅಲುಗಾಟ ಕಂಡರೂ ಸಾಕು, ಇಡೀ ಪರ್ವತ ದಳ ಹಿಮದ ಬೆಟ್ಟದ ನೆತ್ತಿಗೆ ಏರಬೇಕು, ಅಪಾಯ ಕಳೆಯಿತು ಎನ್ನುವವರೆಗೆ ಅಲ್ಲೇ ಕೂರಬೇಕು. ಮೇಜಿನ ಮೇಲೆ ಗೆದ್ದರೆ ಈ ಚಳಿಗಾಲದಿಂದಲೇ ಜಾರಿ.

ಆ ಬೆಟ್ಟದ ರಸ್ತೆಯಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದವರಲ್ಲಿ ಒಬ್ಬ ಅವಳ ಮೈದುನ. ಇವಳು ಮದುವೆಯಾಗಿ ಬಂದಾಗ ಅವನು ಇನ್ನೂ ಶಾಲೆಯ ಹುಡುಗ. ಲೆಕ್ಕ ಹೇಳಿಕೊಟ್ಟು, ಕದ್ದು ಸಿನಿಮಾಕ್ಕೆ ಹೋದರೆ ಮುಚ್ಚಿಹಾಕಿ, ಮಗನ ಹಾಗೆ ನೋಡಿಕೊಂಡವಳು ಇವಳೇ. ರಜೆಗೆ ಬಂದವನು ಅಡುಗೆಮನೆಯ ಬಾಗಿಲಿಗೆ ಒರಗಿ ಹರಟುತ್ತಿದ್ದ.

"ಮೇಲೆ ಹೋದ್ಮೇಲೆ ಎಂಜಿನ್ ಆಫ್ ಮಾಡೋ ಹಾಗೇ ಇಲ್ಲ ಅತ್ತಿಗೆ. ಆಫ್ ಮಾಡಿದ್ರೆ ಬೆಳಿಗ್ಗೆ ಡೀಸೆಲ್ ತುಪ್ಪದ ಥರ ಗಟ್ಟಿ ಆಗಿರುತ್ತೆ."

"ಹಾಗಾದ್ರೆ ನಿಂತಾಗಲೂ ಉರೀತಾನೇ ಇರುತ್ತಾ?"

"ಮತ್ತೆ? ಡೀಸೆಲ್ ಹೊತ್ಕೊಂಡು ಹೋಗೋ ಲಾರಿನೇ ಅರ್ಧ ಕುಡಿದ್ಬಿಡುತ್ತೆ. ನಿಮ್ಮ ಕತ್ತೆ ಥರಾನೇ!" ಎಂದು ನಕ್ಕ. ನಗುತ್ತಲೇ, ಹೋದ ಚಳಿಗಾಲ ಮಂಜಿನಲ್ಲಿ ಜಾರಿ ಕೆಳಗೆ ಹೋದ ಗೆಳೆಯನೊಬ್ಬನ ಮಾತನ್ನೂ ಎತ್ತಿದ. ಆಮೇಲೆ ಅವನು ನಗಲಿಲ್ಲ.

ಒಳಗೆ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಅದೆಲ್ಲವನ್ನೂ ಕೇಳಿಸಿಕೊಂಡರು. ಮಗ ಊರು ಬಿಟ್ಟ ಮೇಲೆ ಸೊಸೆಯನ್ನು ಕರೆದರು.

"ವರ್ಷ ವರ್ಷ ಆ ಜನರಲ್ ಕೈ ಕುಲುಕಿ ಬರ್ತೀಯಲ್ಲ, ಈ ಸಲ ಒಂದು ಮಾತು ಹೇಳು. ಚಿಕ್ಕವನನ್ನ ಕೆಳಗೆ ಎಲ್ಲಾದ್ರೂ ಹಾಕಲಿ."

"ಅದು ಆಗಲ್ಲ ಅತ್ತೆ. ಇವನು ಇಳಿದ್ರೆ ಆ ಜಾಗಕ್ಕೆ ಇನ್ನೊಬ್ಬ ಹತ್ತಬೇಕು."

"ಆ ಇನ್ನೊಬ್ಬನಿಗೆ ಅವನ ಅತ್ತಿಗೆ ಹೇಳ್ಕೊಳ್ಳಲಿ!"

"ಅವನಿಗೆ ನನ್ನಂಥ ಅತ್ತಿಗೆ ಇರಲ್ವಲ್ಲ."

"ಇದ್ದೂ ಏನು ಬಂತು?" ಎಂದರು ಅತ್ತೆ. ಅದೇ ಕೊನೆ, ಅಲ್ಲಿಂದ ಬಾಯಿಗೆ ಬೀಗ ಬಿತ್ತು.

ಅತ್ತೆಯ ಮೌನ ಅಂದರೆ ಏನು ಅನ್ನುವುದನ್ನು ಆ ಮನೆಯವರನ್ನೇ ಕೇಳಬೇಕು. ಕೂಗಾಟವಿಲ್ಲ, ಪಾತ್ರೆ ಕುಕ್ಕುವುದಿಲ್ಲ, ಉಪವಾಸವೂ ಇಲ್ಲ. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಕೊಟ್ಟದ್ದು ಉಂಡು, ರಸ್ತೆ ನೋಡುತ್ತಿದ್ದರು ಅಷ್ಟೆ. ಮೊದಲ ದಿನ ಮನೆಯಲ್ಲಿ ಎಲ್ಲರಿಗೂ ಆರಾಮ ಎನಿಸಿತು. ಮರುದಿನ ದೊಡ್ಡ ಮಗ ಹಣ್ಣು ತಂದಿಟ್ಟ. ಆಮೇಲೆ ಅವರಿಗೆ ಇಷ್ಟವಾದ ಅಡುಗೆ, ಅವರಿಗೆ ಇಷ್ಟವಾದ ಚಾನೆಲ್ಲು, ಕುರ್ಚಿಗೆ ಹೊಸ ದಿಂಬು. ನಾದಿನಿ ಎರಡು ಬಸ್ಸು ಬದಲಿಸಿ ಬಂದು ಗೋಗರೆದು ಹೋದಳು. ಅತ್ತೆ ಎಲ್ಲವನ್ನೂ ಸ್ವೀಕರಿಸಿದರು, ಯಾವುದಕ್ಕೂ ಬಗ್ಗಲಿಲ್ಲ.

ಕೊನೆಗೆ ಗಂಡ ಸೋಫಾದ ಮೇಲೆ ಬಿದ್ದುಕೊಂಡು, "ಅಲ್ಲ ಕಣೇ, ಅಮ್ಮ ಏನೂ ಮಾಡ್ತಿಲ್ಲ. ಸುಸ್ತಾಗಿರೋದು ಮಾತ್ರ ನಮಗೆ. ಇದ್ಯಾವ ನ್ಯಾಯ?" ಎಂದ.

ಬಟ್ಟೆ ಮಡಚುತ್ತಿದ್ದವಳ ಕೈ ನಿಂತಿತು. ಗಂಡನನ್ನು ನೋಡಿದಳು, ಕಿಟಕಿಯ ಹತ್ತಿರದ ಕುರ್ಚಿಯನ್ನು ನೋಡಿದಳು. ಇಷ್ಟು ವರ್ಷ ಶತ್ರುವಾಗಿ ಕೂತು ಏನು ಮಣ್ಣು ಕಲಿತೆ ನಾನು ಎಂದು ತನ್ನನ್ನೇ ಬೈದುಕೊಂಡಳು.

ಆಟದ ದಿನ ಬಂತು. ಮೇಜಿನ ಆಚೆ ಜನರಲ್, ಅವರ ಎರಡೂ ಬದಿಗೆ ಅಧಿಕಾರಿಗಳು. ತುದಿಯಲ್ಲಿ ಗಂಟೆ ಇಟ್ಟುಕೊಂಡು ತೀರ್ಪು ಹೇಳುವ ನಿವೃತ್ತ ಕರ್ನಲ್. ಮೂಲೆಯಲ್ಲಿ ಸರಬರಾಜು ವಿಭಾಗದ ಮೇಜರ್. ಅವನನ್ನು ಯಾವ ವರ್ಷವೂ ಯಾರೂ ಏನೂ ಕೇಳಿದ್ದಿಲ್ಲವಾದ್ದರಿಂದ ಪದಬಂಧ ಬಿಡಿಸುತ್ತಿದ್ದ. ಈಚೆ ಒಬ್ಬಳೇ ಅವಳು.

ಮೊದಲ ಸರದಿಯಲ್ಲಿ ಅವಳು ಕೆಂಪು ಬಿಲ್ಲೆಗಳನ್ನು ಗಡಿಯ ಹತ್ತಿರ ತಳ್ಳಿದಳು. ನೀಲಿ ಬಿಲ್ಲೆಗಳೆಲ್ಲ ಟಕಟಕನೆ ಬೆಟ್ಟದ ನೆತ್ತಿಗೆ ಏರಿದವು. ನೋಡುವುದಕ್ಕೆ ಬಲು ಚೆಂದ. ಜನರಲ್ ಹಿಂದಕ್ಕೆ ಒರಗಿ, "ಈಗ ಬನ್ನಿ ಮೇಡಂ" ಎಂದರು.

"ಬರಲ್ಲ ಸಾರ್. ಕೂತಿದೀನಿ."

ಒಂದು ಸರದಿಗೆ ಒಂದು ವಾರ ಎಂದು ಲೆಕ್ಕ. ಕರ್ನಲ್ ಗಂಟೆ ಬಾರಿಸಿದರು. ಮುಂದಿನ ವಾರ?

"ಕೂತಿದೀನಿ."

ಅದರ ಮುಂದಿನ ವಾರ?

"ಇನ್ನೂ ಕೂತಿದೀನಿ ಸಾರ್."

ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಪಕ್ಕದ ಕೋಣೆಯಿಂದ ಬಿಸಿ ಊಟದ ವಾಸನೆ ಬರತೊಡಗಿತ್ತು. ಯಾರಾದರೂ ಕೈ ಚಾಚದೆ ಮುಚ್ಚಳ ತೆಗೆಯುವಂತಿಲ್ಲ. ಹೊಟ್ಟೆಗಳು ತಾಳ ಹಾಕುತ್ತಿದ್ದವು.

ಜನರಲ್ ಮುಂದಕ್ಕೆ ಬಾಗಿದರು. "ಶತ್ರು ಅಂದ್ಮೇಲೆ ದಾಳಿ ಮಾಡ್ಬೇಕು ಮೇಡಂ. ಇದೇನು ಆಟ ನಿಮ್ದು?"

"ನಮ್ಮ ರೂಲ್ ಬುಕ್ಕು ಆ ಕಡೆಯವರ ಹತ್ರ ಇದೆಯಾ ಸಾರ್?"

ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಕರ್ನಲ್ ನಿಯಮಗಳ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿ, ಶತ್ರು ದಾಳಿ ಮಾಡಲೇಬೇಕು ಎಂದು ಎಲ್ಲೂ ಬರೆದಿಲ್ಲ ಎಂದರು. ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಬರೀ ರೂಢಿ.

"ಹಾಗಾದ್ರೆ ನಂದೊಂದು ಪ್ರಶ್ನೆ," ಎಂದಳು ಅವಳು. "ಮೇಲಿರೋ ನೀಲಿಯವರ ಹತ್ರ ಡೀಸೆಲ್ ಎಷ್ಟು ಉಳಿದಿದೆ?"

ಕರ್ನಲ್ ಮತ್ತೆ ಪುಸ್ತಕ ನೋಡಿದರು. "'ಸ್ವಪಕ್ಷದ ಇಂಧನ ಪೂರ್ಣ' ಅಂತಿದೆ."

"ಎಷ್ಟನೇ ವಾರದವರೆಗೆ ಪೂರ್ಣ ಸಾರ್?"

ಆ ಕೋಣೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳುವ ಸಂದರ್ಭವೇ ಬಂದಿರಲಿಲ್ಲ ಅನ್ನಿ. ಶತ್ರು ಎರಡನೇ ಸರದಿಗೇ ಬಂದು ಸಾಯುತ್ತಿದ್ದರೆ ಟ್ಯಾಂಕು ಖಾಲಿಯಾಗುವುದು ಯಾವಾಗ? ಅವಳು ಎದ್ದು ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ಹಿಡಿದಳು. ಹತ್ತುವ ಲಾರಿ ಕುಡಿಯುವುದೆಷ್ಟು, ನಿಂತ ಲಾರಿ ಕುಡಿಯುವುದೆಷ್ಟು, ಡೇರೆ ಬೆಚ್ಚಗಿಡುವುದಕ್ಕೆ ಎಷ್ಟು, ಮಂಜು ಬಿದ್ದು ರಸ್ತೆ ಮುಚ್ಚಿದ ದಿನ ತಪ್ಪಿಹೋಗುವುದೆಷ್ಟು. ಎಲ್ಲವೂ ಇಲಾಖೆಯ ಸ್ವಂತ ವರದಿಗಳಿಂದಲೇ ಅವಳು ವರ್ಷಗಟ್ಟಲೆ ಆಯ್ದು ಪ್ರಕಟಿಸಿದ್ದ ಅಂಕಿಗಳು. ಕೂಡಿ ಕಳೆದು ಕೆಳಗೆ ಗೆರೆ ಎಳೆದಳು.

"ನಾನು ಒಂದು ಗುಂಡೂ ಹಾರಿಸಿಲ್ಲ ಸಾರ್. ಈ ವಾರ ನಿಮ್ಮವರು ಇಳೀಲೇಬೇಕು, ಇಳಿಯೋಕೂ ಡೀಸೆಲ್ ಇಲ್ಲ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅಂತಾರಲ್ಲ, ಬೆಟ್ಟದ ಮೇಲೂ ಅಷ್ಟೇ."

ಮೂಲೆಯಲ್ಲಿ ಪೆನ್ನು ಕೆಳಗಿಟ್ಟ ಸದ್ದಾಯಿತು. ಪದಬಂಧದ ಮೇಜರ್ ಎದ್ದು ನಿಂತಿದ್ದ. "ಮೇಡಂ ಲೆಕ್ಕ ಸರಿಯಿದೆ ಸಾರ್. ನಾನಾಗಿದ್ರೆ ಇನ್ನೂ ಸ್ವಲ್ಪ ಮುಂಚೇನೇ ಖಾಲಿ ಅಂತಿದ್ದೆ."

ಜನರಲ್ ವಿರಾಮ ಹೇಳಿ ಅವಳನ್ನು ಹೊರಗೆ, ಕುಡಿಯುವ ನೀರಿನ ಯಂತ್ರದ ಹತ್ತಿರ ಕರೆದರು. ಕೆಟ್ಟ ಮನುಷ್ಯರೇನಲ್ಲ ಅವರು. ಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದ ನೀತಿ, ಕೈಜಾರುತ್ತಿರುವಾಗ ಯಾರಿಗಾದರೂ ಸಂಕಟವಾಗುತ್ತದೆ.

"ನಿಮ್ಮ ಮೈದುನ ಆ ರಸ್ತೇಲಿ ಲಾರಿ ಓಡಿಸ್ತಾನೆ, ಅಲ್ವಾ?"

"ಹೌದು ಸಾರ್. ಕಾಲೇಜಿನ ಆಫೀಸಿಗೆ ನಾನೇ ಮೊದಲೇ ತಿಳಿಸಿದೀನಿ."

"ಒಳಗೆ ಹೋಗಿ ಕೈ ಚಾಚಿ. ಡೀಸೆಲ್ ವಿಷಯ ಆಮೇಲೆ ನಾವು ಸರಿಮಾಡ್ಕೋತೀವಿ. ಮುಂದಿನ ವಾರದೊಳಗೆ ನಿಮ್ಮ ಹುಡುಗ ಕೆಳಗಿನ ಡಿಪೋದಲ್ಲಿರ್ತಾನೆ. ನನ್ನ ಮಾತು."

ಅತ್ತೆ ಬೇಡಿದ್ದು ಇದನ್ನೇ, ಇಷ್ಟನ್ನೇ. ಕೇಳದೆಯೇ ಬಂದು ಎದುರಿಗೆ ನಿಂತಿದೆ. ಬೇಡ ಎಂದ ಮೇಲೆ ಈ ಚಳಿಗಾಲ ಅವನಿಗೆ ಏನಾದರೂ ಆದರೆ, ಆ ಬೆತ್ತದ ಕುರ್ಚಿಯ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಅಡುಗೆಮನೆಯ ಬಾಗಿಲಿಗೆ ಒರಗಿ ನಗುತ್ತಿದ್ದವನ ಮುಖ ಕಣ್ಣಿಗೆ ಕಟ್ಟಿತು. ಭಯವಾಯಿತು, ನಿಜವಾಗಿ ಭಯವಾಯಿತು. ಒಂದು ಲೋಟ ನೀರು ಹಿಡಿದು ಪೂರ್ತಿ ಕುಡಿದಳು.

"ಅವನು ಇಳಿದ್ರೆ ಅವನ ಲಾರಿನೂ ಇಳಿಯುತ್ತಾ ಸಾರ್?"

ಜನರಲ್ ತಾವೂ ಒಂದು ಲೋಟ ನೀರು ಹಿಡಿದುಕೊಂಡರು.

"ಲಾರಿ ಮೇಲೇ ಹೋಗುತ್ತೆ. ಒಳಗೆ ಕೂತಿರೋನ ಹೆಸರು ನನಗೆ ಗೊತ್ತಿರಲ್ಲ, ಅಷ್ಟೇ ವ್ಯತ್ಯಾಸ. ಸೋತಾಗೆಲ್ಲ ನಾನು ಕೈ ಚಾಚಿದೀನಿ ಸಾರ್, ಒಂದು ವರ್ಷವೂ ಮುಖ ಗಂಟು ಹಾಕಿಲ್ಲ. ಇವತ್ತು ನಾನು ಸೋತಿಲ್ಲ."

ಒಳಗೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. ಜನರಲ್ ಎದುರಿಗೆ ಕೂತು ನಕ್ಷೆಯನ್ನೇ ನೋಡಿದರು. ಆ ನಿಶ್ಶಬ್ದದಲ್ಲಿ ಗೊರ್ರೆಂದು ಒಂದು ಸದ್ದು ಬಂತು. ಜನರಲ್ ಸಾಹೇಬರ ಹೊಟ್ಟೆ!

ನಗಲು ಯಾರಿಗೆ ಧೈರ್ಯ? ಅಧಿಕಾರಿಗಳು ಚಾವಣಿ ನೋಡಿದರು, ಬೂಟು ನೋಡಿದರು. ಜನರಲ್ ಮುಖ ಕೆಂಪಾಯಿತು. ನೆತ್ತಿಯ ಮೇಲಿನ ನೀಲಿ ಬಿಲ್ಲೆಯೊಂದನ್ನು ಬೆರಳಿನಿಂದ ಮುಟ್ಟಿ, ಬಹಳ ಹೊತ್ತು ಹಾಗೇ ಹಿಡಿದುಕೊಂಡರು.

"ಒಂದು ಊಟ ತಡ ಆಗಿದ್ದಕ್ಕೆ ನನಗೇ ಹೀಗೆ," ಎಂದರು ಮೆಲ್ಲಗೆ. "ಮೇಲಿರೋ ಹುಡುಗರಿಗೆ ವಾರಗಟ್ಟಲೆ, ಅಲ್ವಾ?"

"ಹೌದು ಸಾರ್."

ಅವರು ಬೆಲ್ಟು ಸರಿಮಾಡಿಕೊಂಡು, ಮೇಜಿನ ಮೇಲಿಂದ ಕೈ ಚಾಚಿದರು. "ಸೋತವರು ಮೊದಲು ಅಂತ ಪದ್ಧತಿ ಮಾಡಿದ್ದು ನಾನೇ. ಏಳಿ ಮೇಡಂ, ಈಗ ನೀವು ಎದ್ದು ನಿಲ್ಬೇಕು."

ಅವಳು ಎದ್ದು ನಿಂತು ಕುಲುಕಿದಳು. ಕರ್ನಲ್ ಗಂಟೆ ಬಾರಿಸಿದ್ದು ಯಾರಿಗೂ ಕೇಳಿಸಲಿಲ್ಲ, ಅಷ್ಟರಲ್ಲೇ ಕುರ್ಚಿಗಳು ಊಟದ ಕೋಣೆಯ ಕಡೆಗೆ ಓಡುತ್ತಿದ್ದವು.

ಸಂಜೆ ಗಂಡ ಮಸೂರ ಒರೆಸುತ್ತಾ ಎಂದಿನಂತೆ ಕೇಳಿದ. "ಇವತ್ತೂ ಸೋತ್ಯಾ?"

"ಇಲ್ಲ, ಗೆದ್ದೆ."

"ಅಯ್ಯಯ್ಯೋ! ಮತ್ತೆ ಊಟ ಹಾಕಿದ್ರಾ ಇಲ್ವಾ?"

"ತಡವಾಗಿ ಹಾಕಿದ್ರು." ಮುಚ್ಚಿಡುವುದು ಅವಳ ಜಾಯಮಾನವಲ್ಲ. "ಇನ್ನೊಂದು ಮಾತು. ಕೈ ಚಾಚಿದ್ರೆ ಚಿಕ್ಕವನನ್ನ ಕೆಳಗೆ ಇಳಿಸ್ತೀನಿ ಅಂದ್ರು. ಬೇಡ ಅಂದೆ."

ಗಂಡನ ಕೈಯಲ್ಲಿದ್ದ ಬಟ್ಟೆ ನಿಂತಿತು. ಅವನ ಒಡಹುಟ್ಟಿದ ತಮ್ಮ. ಮಸೂರ ಕೆಳಗಿಟ್ಟು, "ಅಮ್ಮನಿಗೆ ಕೇಳಿಸ್ತು," ಎಂದಷ್ಟೇ ಹೇಳಿದ. ಕಿಟಕಿಯ ಬಳಿ ಅತ್ತೆ ಕತ್ತು ಕೂಡ ತಿರುಗಿಸಲಿಲ್ಲ.

ಅಲ್ಲಿಂದ ಮುಂದಿನ ದಿನಗಳು ಕಷ್ಟದವು. ಮೇಜಿನ ಮೇಲೆ ಗೆದ್ದದ್ದು ಸರಿ, ಕಡತ ಮೇಲಕ್ಕೆ ಹೋಗಿದೆ, ಮೇಲಿನವರು ಏನಂತಾರೋ ಯಾರಿಗೆ ಗೊತ್ತು? ತನ್ನ ಲೆಕ್ಕದ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಲೆಕ್ಕ ಸರಿಯಿದೆ ಎಂದು ಸರ್ಕಾರಗಳು ಮಾತು ಕೇಳಿದ ಉದಾಹರಣೆ ಅವಳ ಸಂಶೋಧನೆಯಲ್ಲಿ ಹೆಚ್ಚಿಗೆ ಸಿಕ್ಕಿರಲಿಲ್ಲ. ಪಾಠ ಮಾಡಿದಳು, ಪರೀಕ್ಷೆಯ ಉತ್ತರ ತಿದ್ದಿದಳು, ಮನೆಗೆ ಬಂದು ಅತ್ತೆಯ ಮುಂದೆ ತಟ್ಟೆ ಇಟ್ಟಳು. ಅತ್ತೆ ಉಂಡರು, ತಟ್ಟೆಯಿಂದ ಮೇಲೆ ಕಣ್ಣೆತ್ತಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಳು, ಮುಖ ತೊಳೆದುಕೊಂಡು ಮರುದಿನದ ಪಾಠ ಓದಲು ಕೂತಳು.

ರಜೆಯ ದಿನ ಬೆಳಿಗ್ಗೆ ಫೋನು ಬಂತು. ಬೆತ್ತದ ಕುರ್ಚಿಯ ಪಕ್ಕದಲ್ಲೇ ಇದ್ದದ್ದರಿಂದ ಅತ್ತೆಯೇ ಎತ್ತಿಕೊಂಡರು. ಚಿಕ್ಕವನ ದನಿ ಮನೆಗೆಲ್ಲ ಕೇಳಿಸುವಷ್ಟು ಜೋರಾಗಿತ್ತು.

"ಅಮ್ಮಾ, ಈ ಚಳಿಗಾಲ ನಾವು ಮೇಲೆ ಹೋಗಲ್ಲ! ನಾನೊಬ್ಬನೇ ಅಲ್ಲ, ಇಡೀ ದಳ! ಹೊಸ ನೀತಿ ತಡೆಹಿಡಿದಿದಾರಂತೆ. ನಮ್ಮ ಬ್ಯಾರಕ್ಕಲ್ಲಿ ಹುಡುಗರೆಲ್ಲಾ ಕುಣೀತಿದಾರೆ, ಕೇಳಿಸ್ತಿದೆಯಾ? ಯಾಕೆ ಅಂತ ಯಾರಿಗೂ ಗೊತ್ತಿಲ್ಲ!"

ಅತ್ತೆ ಫೋನು ಕೆಳಗಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಸೊಸೆಯ ಕಡೆ ತಿರುಗಿ, ಬೀಗ ಬಿದ್ದಿದ್ದ ಬಾಯಿಯನ್ನು ಕೊನೆಗೂ ತೆರೆದರು.

"ಅವನೊಬ್ಬನಿಗೆ ಹೇಳು ಅಂದ್ರೆ, ಇಡೀ ದಂಡಿಗೇ ಹೇಳಿ ಬಂದ್ಯಾ?"

"ಹೇಳಲಿಲ್ಲ ಅತ್ತೆ," ಎಂದಳು ಅವಳು. ನಗು ಬರುತ್ತಿತ್ತು. "ಸುಮ್ಮನೆ ಕೂತಿದ್ದೆ. ನಿಮ್ಮ ಥರ."

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಕುರ್ಚಿಯ ಹೊಸ ದಿಂಬನ್ನು ತೆಗೆದು ಪಕ್ಕದ ಕುರ್ಚಿಗೆ ಹಾಕಿ, ಅದರ ಮೇಲೆ ಕೈಯಿಂದ ತಟ್ಟಿದರು.

"ಬಾ, ಕೂತ್ಕೋ. ಹಾಗೆ ಕೂರೋದು ಎಷ್ಟು ಕಷ್ಟ ಅಂತ ಈ ಮನೇಲಿ ಇನ್ಯಾರಿಗೂ ಗೊತ್ತಿಲ್ಲ."